ಮರದ ಹಾಳೆಯ ದೀಪ

ಮರವನ್ನು ಕಾಗದದಷ್ಟು ತೆಳುವಾಗಿ ಸೀಳಿ ಬೇರೆ ಮರದ ಮೇಲೆ ಅಂಟಿಸುವ ವಿದ್ಯೆ ಬಹಳ ಹಳೆಯದು. ಈಜಿಪ್ಟಿನ ಥೀಬ್ಸ್‌ನಲ್ಲಿ ರೆಖ್‌ಮಿರೆ ಎಂಬ ಮಂತ್ರಿಯ ಸಮಾಧಿಯ ಗೋಡೆಯ ಮೇಲೆ, ಸುಮಾರು 3,400 ವರ್ಷಗಳ ಹಿಂದೆಯೇ, ಬಡಗಿಗಳು ಈ ಕೆಲಸ ಮಾಡುವ ಚಿತ್ರ ಬರೆದಿದ್ದಾರೆ. ಅದೇ ಹಾಳೆಯಿಂದ ದೀಪಕ್ಕೆ ಮರೆ ಕಟ್ಟಲು ಮಾತ್ರ ವಿದ್ಯುತ್ ಬಲ್ಬು ಬರಬೇಕಾಯಿತು. ಎಣ್ಣೆದೀಪದ ಉರಿಯ ಪಕ್ಕದಲ್ಲಿ ಅಂಥ ಮರವನ್ನು ಯಾರು ತಾನೆ ಇಟ್ಟಾರು?

ಬಲ್ಬಿನ ಝಳಕ್ಕೆ ಮೊದಲು ಮದ್ದು ಹುಡುಕಿದವರಲ್ಲಿ ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸೆನ್ ದೊಡ್ಡ ಹೆಸರು. ಲೇಖಕಿ ಆಗ್ನೆಸ್ ಹೆನ್ನಿಂಗ್ಸೆನ್ ಅವರ ಮಗ. ಸೀಮೆಎಣ್ಣೆ ದೀಪದ ಕಾಲದಲ್ಲಿ ಬೆಳೆದವರು. ಆ ಮೆದುಬೆಳಕನ್ನು ಬಲ್ಬಿನಿಂದಲೂ ಪಡೆಯಬೇಕೆಂದು 1920ರ ದಶಕದಲ್ಲಿ ಮೂರು ಪದರದ ಶೇಡ್ ಮಾಡಿದರು. ಮುಂದೆ ಸ್ವೀಡನ್ನಿನ ಮಾರ್ಕಾರಿಡ್ ಊರಿನಲ್ಲಿ ಹಾನ್ಸ್ ಆಗ್ನೆ ಯಾಕೋಬ್ಸನ್ ಪೈನ್ ಮರದ ತೆಳು ಪಟ್ಟಿಗಳಿಂದಲೇ ದೀಪಗಳನ್ನು ಮಾಡಿಸಿದರು. ಬೆಳಕು ಹಾಯ್ದರೆ ಆ ಮರ ಜೇನುಬಣ್ಣಕ್ಕೆ ತಿರುಗುತ್ತದೆ.

ನನಗೆ ಹಿಡಿಸಿದ್ದು ಮಾತ್ರ ಲೆಕ್ಕದ ದೀಪ. 1973ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ಸ್ಟ್ರೋಮ್ ಒಂದೇ ಆಕಾರದ ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಶೇಡ್ ಮಾಡಿದರು. 30 ತುಂಡು ಸೇರಿದರೆ ಚೆಂಡು. 30 ವಜ್ರಾಕೃತಿಗಳ ಇಂಥ ಘನರೂಪವನ್ನು ಕೆಪ್ಲರ್ 1619ರಲ್ಲೇ ವಿವರಿಸಿದ್ದರು. ಗ್ರಹಗಳ ದಾರಿ ಲೆಕ್ಕ ಹಾಕಿದ ಅದೇ ಕೆಪ್ಲರ್!

ನಮ್ಮತ್ತೆಗೆ ಕಣ್ಣಿನ ಆಪರೇಷನ್ ಆದ ಮೇಲೆ ಹಾಲಿನ ದೀಪ ಚುಚ್ಚುತ್ತಿತ್ತು. ಸಂಜೆಯಾದರೆ ಒಬ್ಬರೇ ಕತ್ತಲೆ ಕೋಣೆಯಲ್ಲಿ ಕೂತಿರುತ್ತಿದ್ದರು. ಬಡಗಿಯವರ ಹತ್ತಿರ ಉಳಿದಿದ್ದ ವೆನೀರ್ ಚೂರುಗಳನ್ನು ತಂದು, 10 ಸೆಂಟಿಮೀಟರ್ ಅಗಲ, 16.2 ಉದ್ದದ 30 ವಜ್ರಗಳನ್ನು ಕತ್ತರಿಸಿದೆ. ವೆನೀರ್ ಎಳೆಯುದ್ದಕ್ಕೆ ಸೀಳುತ್ತದೆ. ಹಿಂದೆ ತೆಳು ಕಾಗದ ಅಂಟಿಸಿದರೆ ಸೂಜಿಯನ್ನೂ ತಡೆಯುತ್ತದೆ. ಅಂಚಿಗೆ ತೂತು ಹಾಕಿ ದಾರದಲ್ಲಿ ಹೊಲಿದೆ. ಚೂಪು ತುದಿಗಳು ಐದೈದು ಕೂಡಬೇಕು, ಅಗಲ ಮೂಲೆಗಳು ಮೂರುಮೂರು. ಇಷ್ಟು ನೆನಪಿದ್ದರೆ ಸಾಕು, ಚೆಂಡು ತಾನೇ ದುಂಡಗಾಗುತ್ತದೆ. ಬಲ್ಬು ಬದಲಿಸಬೇಕಲ್ಲ, ಕೆಳಗಿನ ಒಂದು ವಜ್ರವನ್ನು ಬಿಚ್ಚುವಂತೆ ಬಿಟ್ಟೆ. ಹಳೆಯ 60 ವ್ಯಾಟಿನ ಬಲ್ಬಾಗಿದ್ದರೆ ಆ ಕಾವಿಗೆ ಮರ ಒಣಗಿ ಕಪ್ಪಾಗುತ್ತಿತ್ತು. ಸಣ್ಣ ಎಲ್‌ಇಡಿಗೆ ಆ ಭಯವಿಲ್ಲ.

ಅತ್ತೆ ಈಗ ಹಾಲಿಗೆ ಬಂದು ಅದರ ಕೆಳಗೆ ಹೂಬತ್ತಿ ಮಾಡುತ್ತಾರೆ. "ಮೂವತ್ತೇ ಯಾಕೆ, ಇನ್ನೂ ನಾಲ್ಕು ಹಾಕಬಾರದಿತ್ತೇನೆ?" ಎಂದು ಕೇಳಿದರು. ಕೆಪ್ಲರನ ಲೆಕ್ಕ ಹೇಳಿದೆ. ಒಪ್ಪಲಿಲ್ಲ.