ಬ್ರೌಸರ್ ಎಕ್ಸ್‌ಟೆನ್ಶನ್‌ನ ಇಂಟರ್‌ಫೇಸ್ ಕೋಡ್

ಬ್ರೌಸರ್‌ಗೆ ಹೊಸ ಸೌಲಭ್ಯ ಸೇರಿಸುವ ಕಿರುತಂತ್ರಾಂಶದಲ್ಲಿ ಬಳಕೆದಾರರ ಕಣ್ಣಿಗೆ ಬೀಳುವ ಭಾಗ: ಟೂಲ್‌ಬಾರ್ ಐಕಾನ್, ಅದನ್ನು ಒತ್ತಿದರೆ ತೆರೆಯುವ ಪಾಪ್‌ಅಪ್, ಸೆಟ್ಟಿಂಗ್ಸ್ ಪುಟ. ಸಾಮಾನ್ಯ ಜಾಲಪುಟದಂತೆ ಇದನ್ನೂ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳಲ್ಲೇ ಬರೆಯುತ್ತಾರೆ.

ಬ್ರೌಸರ್‌ನ ಪದ್ಧತಿ ಬದಲಾದರೆ ಈ ಕೋಡೂ ಬದಲಾಗಬೇಕಾಗುತ್ತದೆ. 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57 ಇಂಟರ್‌ಫೇಸ್ ಬರೆಯುವ ಹಳೆಯ ಎಕ್ಸ್‌ಯುಎಲ್ ಪದ್ಧತಿಯನ್ನು ಎಕ್ಸ್‌ಟೆನ್ಶನ್‌ಗಳಿಗೆ ಕೈಬಿಟ್ಟಾಗ ಎಷ್ಟೋ ಎಕ್ಸ್‌ಟೆನ್ಶನ್‌ಗಳ ಇಂಟರ್‌ಫೇಸನ್ನು ಬುಡದಿಂದ ಬರೆಯಬೇಕಾಯಿತು. ಕ್ರೋಮ್ ಎಕ್ಸ್‌ಟೆನ್ಶನ್‌ಗಳ ಹೊಸ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ3 ಕೂಡ ಕೋಡ್ ಬದಲಾಯಿಸುವ ಕೆಲಸ ತಂದಿತು.

ಹೆಚ್ಚು ಕಾಡುವುದು ಪಾಪ್‌ಅಪ್. ಹೊರಗೆಲ್ಲೋ ಒಂದು ಕ್ಲಿಕ್ ಬಿದ್ದರೆ ಸಾಕು, ಅದು ಮುಚ್ಚಿಕೊಳ್ಳುತ್ತದೆ. ಅರ್ಧ ಟೈಪಿಸಿದ ಟಿಪ್ಪಣಿಯೂ ಅಳಿದುಹೋಗುತ್ತದೆ. ವಿ3ಯಲ್ಲಿ ಹಿನ್ನೆಲೆಯಲ್ಲಿ ಓಡುವ ಸರ್ವೀಸ್ ವರ್ಕರ್ ಎಂಬ ಕೋಡ್ ಕೂಡ ಸಾಮಾನ್ಯವಾಗಿ 30 ಸೆಕೆಂಡು ಕೆಲಸವಿಲ್ಲದಿದ್ದರೆ ನಿಂತುಬಿಡುವುದರಿಂದ, ಅದರ ವೇರಿಯಬಲ್‌ಗಳನ್ನು ನೆಚ್ಚುವಂತಿಲ್ಲ. ಬರೆದದ್ದನ್ನು ಆಗಿಂದಾಗಲೇ ಸ್ಟೋರೇಜ್‌ಗೆ ಉಳಿಸಿ, ಮತ್ತೆ ತೆರೆದಾಗ ಅಲ್ಲಿಂದಲೇ ಓದಿಕೊಳ್ಳುವುದು ಸರಿಯಾದ ಕ್ರಮ. ಹಳೆಯ ಕೋಡನ್ನು ಸುಧಾರಿಸಲು ಹೊರಟವರು ಬಣ್ಣ, ಅಂಚುಗಳಿಗಿಂತ ಮೊದಲು ಬರೆದದ್ದು ಅಳಿದುಹೋಗುವ ಈ ದೋಷವನ್ನು ಸರಿಪಡಿಸಬೇಕು. ಜಾಲಪುಟದಿಂದ ಬಂದ ಪಠ್ಯವನ್ನು ಇನ್ನರ್‌ಎಚ್‌ಟಿಎಂಎಲ್‌ಗೆ ತುಂಬುವ ಸಾಲುಗಳಿದ್ದರೆ ಅವೂ ಹೋಗಬೇಕು; ದುರುದ್ದೇಶದ ಕೋಡ್ ನುಸುಳುವ ದಾರಿ ಅದು.

ಗುಂಡಿಗಳ ಹೆಸರುಗಳನ್ನು ಕೋಡಿನೊಳಗೆ ಬರೆಯದೆ ಭಾಷೆಗೊಂದರಂತೆ ಪ್ರತ್ಯೇಕ ಕಡತದಲ್ಲಿಡುತ್ತಾರೆ. ಕನ್ನಡದ್ದು ‘ಕೆಎನ್’ ಫೋಲ್ಡರಿನಲ್ಲಿರುತ್ತದೆ. ಅನುವಾದ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಜಾಗವೂ ಸೀಮಿತ: ಕ್ರೋಮ್ ಪಾಪ್‌ಅಪ್‌ನ ಗರಿಷ್ಠ ಅಳತೆ 800×600 ಪಿಕ್ಸೆಲ್. ಇಂಗ್ಲಿಷಿಗೆಂದು ಅಳೆದಿಟ್ಟ ಗುಂಡಿಯಲ್ಲಿ ‘ನಿಷ್ಕ್ರಿಯಗೊಳಿಸಿ’ ಹಿಡಿಸದು, ಸಾಲಿನ ಎತ್ತರ ಸಾಲದಿದ್ದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಅಗಲವನ್ನು ಪಠ್ಯಕ್ಕೆ ತಕ್ಕಂತೆ ಹಿಗ್ಗಲು ಬಿಟ್ಟು, ಸಾಲಿನ ಎತ್ತರ ಹೆಚ್ಚಿಸಿದರೆ ಎರಡೂ ತೊಂದರೆ ನೀಗುತ್ತವೆ.