ಮೂರು ಹಡಗುಗಳಲ್ಲಿ ಬಂದ ಹಳೆಮನೆ

ಹೋದ ಡಿಸೆಂಬರಿನಲ್ಲಿ ಕುಂದಾಪುರದಿಂದ ಮಾವನ ಫೋನು ಬಂತು. ಅಮ್ಮನ ತವರುಮನೆ ಕೆಡವುತ್ತಿದ್ದಾರಂತೆ. ಹಂಚು ಇಳಿಸಿ ಆಗಿದೆ, ಕಂಬಗಳಿಗೆ ಗಿರಾಕಿ ಸಿಕ್ಕಿದ್ದಾರೆ, ಹೆಬ್ಬಾಗಿಲು ಮಾತ್ರ ಉಳಿದಿದೆ. "ಬಾಗ್ಲ್ ನಿಂಗ್ ಬೇಕಾ? ಇಲ್ದಿದ್ರೆ ಹಳೇ ಸಾಮಾನಿನ ಅಂಗಡಿಯರ್ ತಕಂಡ್ ಹೋತ್ರ್" ಅಂದರು.

ಫೋನು ಸ್ಪೀಕರಿನಲ್ಲಿತ್ತು. ಇಲ್ಲೇ ರೆಡ್ಮಂಡಿನಲ್ಲಿ ಹುಟ್ಟಿ ಬೆಳೆದ ಮಗಳು ಕೇಳಿಸಿಕೊಂಡು, "ಅಪ್ಪಾ, ಬಾಗಿಲನ್ನ ಹಡಗಲ್ಲಿ ತರೋಕಾಗುತ್ತಾ?" ಅಂದಳು.

"ಬಾಗಿಲೇನು, ನಮ್ಮ ಪಕ್ಕದ ಊರಲ್ಲೇ ಒಬ್ಬರು ಇಡೀ ಮನೇನೇ ತರಿಸಿದ್ದರು" ಅಂದೆ. ಈ ಸಂಚಿಕೆ ಶುರುವಾದದ್ದು ಹಾಗೆ.

ಸಿಯಾಟಲ್‌ನಿಂದ ಐ-5ರಲ್ಲಿ ದಕ್ಷಿಣಕ್ಕೆ ಸುಮಾರು 40 ಮೈಲಿ ಹೋದರೆ, ಟಕೋಮಾ ದಾಟಿದ ಮೇಲೆ, ಲೇಕ್‌ವುಡ್ ಅನ್ನೋ ಊರು. ಅಲ್ಲಿ ಅಮೆರಿಕನ್ ಲೇಕ್ ಎಂಬ ಕೆರೆಯ ದಡದಲ್ಲಿ ಥಾರ್ನ್‌ವುಡ್ ಕಾಸಲ್ ಇದೆ. ಕೆಂಪು ಇಟ್ಟಿಗೆ, ಎತ್ತರದ ಚಿಮಣಿಗಳು, ಸಣ್ಣ ಸಣ್ಣ ಗಾಜಿನ ತುಂಡು ಜೋಡಿಸಿದ ಉದ್ದ ಕಿಟಕಿಗಳು. ನೋಡಿದರೆ ಇಂಗ್ಲೆಂಡಿನ ಯಾವುದೋ ಹಳ್ಳಿಯ ಜಹಗೀರುದಾರರ ಮನೆ ಅನ್ನಬೇಕು. ನಿಮ್ಮಲ್ಲಿ ಕೆಲವರು ಇದನ್ನ ಟಿವಿಯಲ್ಲಿ ನೋಡಿರಬಹುದು. 2002ರಲ್ಲಿ ಬಂದ, ಸ್ಟೀಫನ್ ಕಿಂಗ್ ಬರೆದ 'ರೋಸ್ ರೆಡ್' ಧಾರಾವಾಹಿಯ ದೆವ್ವದ ಮನೆ ಇದೇ.

ಕಟ್ಟಿಸಿದವರು ಚೆಸ್ಟರ್ ಥಾರ್ನ್. ನ್ಯೂಯಾರ್ಕ್ ಸೀಮೆಯವರು, ಯೇಲ್‌ನಲ್ಲಿ ಓದಿದವರು, 1890ರಲ್ಲಿ ಟಕೋಮಾಕ್ಕೆ ಬಂದು ಬ್ಯಾಂಕು ನಡೆಸಿದವರು. 1893ರ ಹಣಕಾಸಿನ ಕುಸಿತದಲ್ಲಿ ಟಕೋಮಾದ ಬ್ಯಾಂಕುಗಳು ಒಂದರ ಹಿಂದೊಂದು ಮುಚ್ಚಿದವು. ಥಾರ್ನ್ ಇದ್ದ ನ್ಯಾಷನಲ್ ಬ್ಯಾಂಕ್ ಆಫ್ ಕಾಮರ್ಸ್ ಉಳಿಯಿತು. ಮುಂದೆ 1918ರಲ್ಲಿ ಟಕೋಮಾ ಬಂದರು ಸಂಸ್ಥೆ ಹುಟ್ಟಿದಾಗ ಅದರ ಮೊದಲ ಮೂವರು ಕಮಿಷನರುಗಳಲ್ಲಿ ಇವರೂ ಒಬ್ಬರು.

ಮನೆಯ ಕೆಲಸ ನಡೆದದ್ದು 1908ರಿಂದ 1911ರವರೆಗೆ. ವಾಸ್ತುಶಿಲ್ಪಿ ಸ್ಪೋಕೇನಿನ ಕರ್ಟ್ಲೆಂಡ್ ಕಟ್ಟರ್. ಸಿಯಾಟಲ್‌ನ ಫಸ್ಟ್ ಹಿಲ್‌ನಲ್ಲಿರುವ ಸ್ಟಿಮ್ಸನ್-ಗ್ರೀನ್ ಮನೆಯೂ ಅವರದೇ ಕೆಲಸ. ತೋಟ ಮಾಡಿದವರು ಓಲ್ಮ್‌ಸ್ಟೆಡ್ ಸಹೋದರರು. ನಾವು ಭಾನುವಾರ ಮಕ್ಕಳನ್ನು ಕರಕೊಂಡು ಹೋಗುವ ವಾಲಂಟಿಯರ್ ಪಾರ್ಕಿನ ವಿನ್ಯಾಸವೂ ಅವರದ್ದೇ.

ಇಂಗ್ಲೆಂಡಿನ ಒಂದು ಹಳೆಯ ಜಮೀನ್ದಾರಿ ಮನೆಯನ್ನು ಥಾರ್ನ್ ಕೊಂಡು, ಬಿಚ್ಚಿಸಿ, ಓಕ್ ಮರದ ಹಲಗೆಗಳು, ಮಹಡಿ ಮೆಟ್ಟಿಲು, ಬಣ್ಣದ ಗಾಜು ಎಲ್ಲವನ್ನೂ ಮೂರು ಹಡಗುಗಳಲ್ಲಿ ತರಿಸಿದರು ಅನ್ನೋದು ಈ ಮನೆಯ ಬಗ್ಗೆ ಎಲ್ಲರೂ ಹೇಳುವ ಕಥೆ. ಪನಾಮಾ ಕಾಲುವೆ ತೆರೆದದ್ದು 1914ರಲ್ಲಿ. ಹಾಗಾಗಿ ಆ ಹಡಗುಗಳು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿಕೊಂಡೇ ಬರಬೇಕಿತ್ತು. ಇಲ್ಲಿ ಹೊಸದಾಗಿ ಹಾಕಿದ ಕಾಂಕ್ರೀಟು ಅಡಿಪಾಯದ ಮೇಲೆ ಆ ಹಳೇ ಮರ, ಹಳೇ ಗಾಜು ಕೂತವು.

ಅದು "ನಾನೂರು ವರ್ಷ ಹಳೆಯ, ರಾಣಿ ಎಲಿಜಬೆತ್ ಕಾಲದ ಮನೆ" ಅಂತಾನೂ ಕಥೆ ಹೇಳುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. 1908ರಲ್ಲಿ 400 ಕಳೆದರೆ 1508. ಮೊದಲನೇ ಎಲಿಜಬೆತ್ ಪಟ್ಟಕ್ಕೆ ಬಂದದ್ದು 1558ರಲ್ಲಿ. ಹಡಗಿನ ಪ್ರಯಾಣದಲ್ಲಿ ಮನೆಗೆ ಕನಿಷ್ಠ ಐವತ್ತು ವರ್ಷ ವಯಸ್ಸು ಜಾಸ್ತಿಯಾಗಿಬಿಟ್ಟಿದೆ! ಹೊಸ ಶ್ರೀಮಂತಿಕೆಗೆ ಹಳೆತನದ ಹಸಿವು ಅಷ್ಟಿರುತ್ತದೆ.

ಇದನ್ನೆಲ್ಲ ಕೇಳಿ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಅವರು ಯಾಕೆ ಮಾರಿದರು?"

ಒಳ್ಳೇ ಪ್ರಶ್ನೆ. ಇಂಗ್ಲೆಂಡಿನ ಶ್ರೀಮಂತ ಮನೆತನಗಳು ಬದುಕಿದ್ದು ಗೇಣಿಯ ಮೇಲೆ. ಗೇಣಿ ಅಂದ್ರೆ, ಜಮೀನು ಮಾಡುವ ರೈತ ಜಮೀನಿನ ಒಡೆಯನಿಗೆ ಕೊಡುವ ಪಾಲು, ಬಾಡಿಗೆಯ ಹಾಗೆ. ಆ ಗೇಣಿ ನಿಂತದ್ದು ಗೋಧಿಯ ಬೆಲೆಯ ಮೇಲೆ. 1870ರ ನಂತರ ರೈಲು ಮತ್ತು ಉಗಿಹಡಗು ಅಮೆರಿಕದ ಬಯಲುಗಳ ಅಗ್ಗದ ಗೋಧಿಯನ್ನು ಬ್ರಿಟನ್ನಿಗೆ ತಂದು ಸುರಿದವು. 1870ರ ದಶಕದ ಆರಂಭದಲ್ಲಿ ಒಂದು ಕ್ವಾರ್ಟರ್ ಗೋಧಿಗೆ 50 ಶಿಲ್ಲಿಂಗಿಗೂ ಹೆಚ್ಚು ಬೆಲೆ ಇತ್ತು. 1894ರಲ್ಲಿ ಅದು 23 ಶಿಲ್ಲಿಂಗಿಗಿಂತ ಕೆಳಗೆ ಬಿತ್ತು. ರೈತನ ಕೈ ಬರಿದಾಯಿತು, ಒಡೆಯನ ಗೇಣಿ ಇಳಿಯಿತು. ಅದೇ 1894ರಲ್ಲಿ ಸರ್ಕಾರ ಹೊಸ ಮರಣ ತೆರಿಗೆ ತಂದಿತು: ಯಜಮಾನ ಸತ್ತರೆ ಆಸ್ತಿಯ ಮೇಲೆ ತೆರಿಗೆ. ಅದಕ್ಕೂ ಮೊದಲು, 1882ರ ಒಂದು ಕಾನೂನು, ವಂಶದ ಆಸ್ತಿ ಮಾರಬಾರದು ಅನ್ನೋ ಹಳೇ ಕಟ್ಟನ್ನು ಸಡಿಲ ಮಾಡಿತ್ತು. ಮಾರುವ ಒತ್ತಡವೂ ಬಂತು, ಮಾರುವ ದಾರಿಯೂ ತೆರೆಯಿತು.

'ಡೌನ್ಟನ್ ಆಬಿ' ನೋಡಿದವರಿಗೆ ಇದು ಗೊತ್ತಿರುವ ಸಂಕಟ. ಅದರ ಚಿತ್ರೀಕರಣವಾದ ಹೈಕ್ಲಿಯರ್ ಕಾಸಲ್‌ನ ಯಜಮಾನ, ಐದನೇ ಅರ್ಲ್ ಆಫ್ ಕಾರ್ನಾರ್ವನ್, 1895ರಲ್ಲಿ ಅಲ್ಮೀನಾ ಎಂಬ ಹುಡುಗಿಯನ್ನು ಮದುವೆಯಾದರು. ಸಾಲ ತೀರಿದ್ದು ಬ್ಯಾಂಕರ್ ಆಲ್ಫ್ರೆಡ್ ಡಿ ರಾಥ್‌ಶೀಲ್ಡ್ ಕೊಟ್ಟ ಹಣದಿಂದ. ಅಂಥ ನೆಂಟಸ್ತನ ಸಿಗದವರು ಮನೆಯನ್ನೇ ಮಾರಿದರು. ಲ್ಯಾಂಕಶೈರಿನ ಏಜ್‌ಕ್ರಾಫ್ಟ್ ಹಾಲ್ ಹದಿನೈದನೇ ಶತಮಾನದ ಕೊನೆಯ ಮನೆ. ಲ್ಯಾಂಗ್ಲಿ, ಆಮೇಲೆ ಡಾಂಟ್ಸಿ ಎಂಬ ಮನೆತನಗಳು ಶತಮಾನಗಟ್ಟಲೆ ಅಲ್ಲಿದ್ದವು. ಸುತ್ತ ಕಲ್ಲಿದ್ದಲ ಗಣಿ, ರೈಲು ಬಂದು ಮನೆ ಹಾಳುಬಿತ್ತು. 1925ರಲ್ಲಿ ಹರಾಜಾಗಿ, ಪೆಟ್ಟಿಗೆಗಳಲ್ಲಿ ಹಡಗು ಹತ್ತಿ, ವರ್ಜೀನಿಯಾದ ರಿಚ್ಮಂಡಿನಲ್ಲಿ ಮತ್ತೆ ನಿಂತಿತು. ಇವತ್ತು ಅದು ಮ್ಯೂಸಿಯಂ.

ಈಗ ಟಕೋಮಾದ ಕಡೆ ತಿರುಗಿ. ಪೂರ್ವ ವಾಷಿಂಗ್ಟನ್ನಿನ ಪಲೂಸ್ ಗುಡ್ಡಗಳ ಗೋಧಿ ನಾರ್ದರ್ನ್ ಪೆಸಿಫಿಕ್ ರೈಲಿನಲ್ಲಿ ಇಳಿದು ಹಡಗು ಹತ್ತುತ್ತಿದ್ದದ್ದು ಇದೇ ಟಕೋಮಾದ ದಕ್ಕೆಯಲ್ಲಿ. ಬಹುಪಾಲು ಹೋಗುತ್ತಿದ್ದದ್ದು ಬ್ರಿಟನ್, ಯುರೋಪುಗಳಿಗೆ. ಈ ವ್ಯಾಪಾರದ ಊರಿನ ಬ್ಯಾಂಕರ್ ಚೆಸ್ಟರ್ ಥಾರ್ನ್. ಇಂಗ್ಲೆಂಡಿನ ಗೇಣಿ ಇಳಿಸಿದ ಗೋಧಿಯಲ್ಲಿ ಟಕೋಮಾದ್ದೂ ಒಂದು ಪಾಲು. ಇಲ್ಲಿಂದ ಗೋಧಿ ಹೋಯಿತು, ಅಲ್ಲಿಂದ ಮನೆ ಬಂತು. ಎರಡೂ ಸುತ್ತಿದ್ದು ಒಂದೇ ಸಮುದ್ರ.

ಥಾರ್ನ್ 1927ರಲ್ಲಿ ತೀರಿಕೊಂಡರು. ಸುಮಾರು ನೂರು ಎಕರೆಯ ಎಸ್ಟೇಟು ಆಮೇಲೆ ಸೈಟುಗಳಾಗಿ ಒಡೆಯಿತು. ಮನೆಯ ಸುತ್ತ ಈಗ ಉಳಿದಿರೋದು ಕೆಲವೇ ಎಕರೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಮದುವೆ ನಡೆಯುತ್ತವೆ, ಅತಿಥಿಗಳು ತಂಗುತ್ತಾರೆ.

ಆದರೆ ಆ ಕೆರೆಯ ದಡದಲ್ಲಿ ಹಳೆಯದು ಅನ್ನೋದು ಇರಲೇ ಇಲ್ಲವೇ, ಹಡಗಲ್ಲಿ ತರಿಸೋಕೆ? ಇತ್ತು. ಅದು ನಿಸ್ಕ್ವಾಲಿ, ಸ್ಟೈಲಕೂಮ್ ಜನರ ನೆಲ. 1854ರ ಡಿಸೆಂಬರ್ 26ರಂದು ಗವರ್ನರ್ ಐಸಾಕ್ ಸ್ಟೀವನ್ಸ್ ಮಾಡಿಸಿದ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಇಲ್ಲಿಯ ಬುಡಕಟ್ಟುಗಳು 20 ಲಕ್ಷಕ್ಕೂ ಹೆಚ್ಚು ಎಕರೆ ಬಿಟ್ಟುಕೊಟ್ಟವು. ಬದಲಿಗೆ ಸಿಕ್ಕ ಹಣ 32,500 ಡಾಲರ್. ವಿರೋಧಿಸಿದ ನಿಸ್ಕ್ವಾಲಿ ನಾಯಕ ಲೆಷೈಯನ್ನು ಯುದ್ಧದ ನಂತರ ಕೊಲೆಗಾರ ಅಂತ ವಿಚಾರಣೆ ಮಾಡಿ, 1858ರ ಫೆಬ್ರವರಿ 19ರಂದು ಗಲ್ಲಿಗೇರಿಸಿದರು. ಯುದ್ಧದಲ್ಲಿ ಹೋರಾಡಿದವನನ್ನು ಕೊಲೆಗಾರನೆಂದು ನೇಣು ಹಾಕಲಾಗದು ಅಂತ ಸೈನ್ಯ ತನ್ನ ಕೋಟೆಯಲ್ಲಿ ಜಾಗ ಕೊಡಲಿಲ್ಲ. ಗಲ್ಲು ನಿಲ್ಲಿಸಿದ್ದು ಹೊರಗಡೆ, ಇವತ್ತಿನ ಲೇಕ್‌ವುಡ್ ಊರಿನೊಳಗೆ. 2004ರಲ್ಲಿ ನ್ಯಾಯಾಧೀಶರ ಒಂದು ಚಾರಿತ್ರಿಕ ನ್ಯಾಯಾಲಯ ಲೆಷೈ ನಿರಪರಾಧಿ ಅಂತ ಘೋಷಿಸಿತು. ಆ ಹೊತ್ತಿಗೆ 146 ವರ್ಷ ಕಳೆದಿತ್ತು.

ಥಾರ್ನ್‌ವುಡ್‌ನ ಬಗ್ಗೆ ಮಾತಾಡುವಾಗ ಹಡಗು ಎಷ್ಟು, ಕೋಣೆ ಎಷ್ಟು ಎಲ್ಲ ಬರುತ್ತದೆ. ಆ ಮರ ಕಡಿದವರು, ಗೇಣಿ ಕೊಟ್ಟವರು, ಈ ನೆಲ ಕಳಕೊಂಡವರು ಬರೋದಿಲ್ಲ. ಕಂಬ, ಬಾಗಿಲು, ಗಾಜು ಹಡಗು ಹತ್ತುತ್ತವೆ. ಮನೆಯ ಲೆಕ್ಕಪುಸ್ತಕ ಮಾತ್ರ ಹಿಂದೆ ಉಳಿಯುತ್ತದೆ.

ಇಷ್ಟು ಹೇಳಿ, ನಮ್ಮ ಮನೆಯ ಲೆಕ್ಕ ಮುಚ್ಚಿಟ್ಟರೆ ತಪ್ಪಾಗುತ್ತದೆ.

ಅಮ್ಮನ ತವರುಮನೆಯೂ ಗೇಣಿಯ ಮನೆಯೇ. ಒಕ್ಕಲುಗಳು ವರ್ಷಕ್ಕಿಷ್ಟು ಮುಡಿ ಅಕ್ಕಿ ಅಳೆಯುತ್ತಿದ್ದರು. ಮುಡಿ ಅಂದ್ರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಗಂಟು. ದೇವರಾಜ ಅರಸರ ಕಾಲದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಉಳುವವನಿಗೆ ಸಿಗುವ ಹಾಗಾಯಿತು. ನಮ್ಮ ಕಡೆ ಅದಕ್ಕೆ "ಡಿಕ್ಲರೇಶನ್ ಹಾಕೂದು" ಅನ್ನುತ್ತಾರೆ. ಅಜ್ಜಯ್ಯ ಅದನ್ನ ಕೊನೇವರೆಗೂ ಅನ್ಯಾಯ ಅಂತಲೇ ಹೇಳುತ್ತಿದ್ದರು. ಒಕ್ಕಲು ಮನೆಯ ಮಕ್ಕಳು ಶಾಲೆಗೆ ಹೋಗಿದ್ದು, ಮೇಷ್ಟ್ರು, ಇಂಜಿನಿಯರು ಆಗಿದ್ದು ಕೂಡ ಆಮೇಲೆಯೇ. ಅಜ್ಜಯ್ಯನ ನೋವು ನಿಜ, ಆದರೆ ನ್ಯಾಯ ಇದ್ದದ್ದು ಒಕ್ಕಲುಗಳ ಕಡೆ ಅಂತ ನನಗನ್ನಿಸುತ್ತದೆ.

ಗೇಣಿ ನಿಂತ ಮೇಲೆ ಕರಾವಳಿಯ ಅಂಥ ಎಷ್ಟೋ ದೊಡ್ಡ ಮನೆಗಳು ಸಾಕಲಾಗದೆ ಮರದ ಬೆಲೆಗೆ ಮಾರಾಟವಾದವು. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವುಗಳಲ್ಲಿ ಕೆಲವನ್ನು ಬಿಚ್ಚಿಸಿ ಮಣಿಪಾಲಕ್ಕೆ ತಂದು ಮತ್ತೆ ನಿಲ್ಲಿಸಿದರು. ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋದರೆ ಕುಂಜೂರು ಚೌಕಿಮನೆ, ಹರ್ಕೂರು ಒಳಗಿನಮನೆ ನೋಡಬಹುದು. ಜಾಗ ಬದಲಾದರೂ ಮನೆಗಳು ಬಂದ ಊರಿನ ಹೆಸರು ಬಿಟ್ಟಿಲ್ಲ. ಊರಿಗೆ ಹೋದಾಗ ಮಕ್ಕಳಿಗೆ ಖಂಡಿತ ತೋರಿಸಿ.

ಎರಡು ವಾರ ಬಿಟ್ಟು ಮಾವನಿಗೆ ಫೋನು ಮಾಡಿದೆ. ಬಾಗಿಲು ತರಿಸೋದಾದರೆ ಅದರ ಜೊತೆ ಒಂದು ಕಾಗದವೂ ಬೇಕು ಅಂದೆ. ಮರ ಯಾವುದು, ಕೆತ್ತಿದ ಆಚಾರ್ರು ಯಾರು, ಆ ಬಾಗಿಲಿಗೆ ಗೇಣಿ ಅಕ್ಕಿ ಹೊತ್ತು ತಂದವರು ಯಾರು ಯಾರು, ಎಲ್ಲ ಬರೆದು ಕೊಡಿ ಅಂದೆ.

ಮಾವ ನಕ್ಕರು. ಮರ ಹಲಸಿನದ್ದು. ಆಚಾರ್ರ ಹೆಸರು ಗೊತ್ತಿಲ್ಲ. "ಒಕ್ಕಲಿನರ್ ಹೆಸ್ರಾ?" ಅಂತ ಒಂದು ಕ್ಷಣ ಸುಮ್ಮನಾದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ಹೆಸರು, ಮನೆ, ಗದ್ದೆ, ಎಷ್ಟು ಮುಡಿ. ಮಗಳು ಪಕ್ಕದಲ್ಲಿ ಕೂತು ತನ್ನ ನಿಧಾನದ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಹನ್ನೊಂದು ಮನೆ ಆಯಿತು. ಬಾಗಿಲು ಇನ್ನೂ ಮಾವನ ಕೊಟ್ಟಿಗೆಯಲ್ಲೇ ಇದೆ. ಹನ್ನೆರಡನೇ ಮನೆಯವರ ಹೆಸರು ನೆನಪಾದರೆ ಫೋನು ಮಾಡುತ್ತೇನೆ ಅಂದಿದ್ದಾರೆ.