ಕವಿ ಬದುಕಿದ್ದದ್ದೇ ತೊಡಕು

ಜಾನಪದ ಸಂಗ್ರಹದ ಕೆಲಸ ಹಿಡಿದಿದ್ದ ನನ್ನನ್ನು ಜನಪ್ರಿಯ ಹಾಡುಗಳ ಅಧ್ಯಯನಕ್ಕೆ ಎಳೆದವರು ಕೇರಿಯ ಹೆಂಗಸರು. ಸೋಬಾನೆ, ಬೀಸುವ ಪದ ಮುಗಿಸಿ, 'ಸಂಗದೋರ ಪದಾನೂ ಬತ್ತದೆ ಕನಪ್ಪ, ಹೇಳವಾ?' ಅನ್ನೋರು. ಬರೆದವರು ಯಾರೆಂದು ಗೊತ್ತಿರುವ ಹಾಡು ಜಾನಪದವಲ್ಲ ಎಂಬುದು ನಮಗೆ ಕಲಿಸಿದ ಪಾಠ. ನಾನು ಟೇಪು ನಿಲ್ಲಿಸಲಿಲ್ಲ.

ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಅಚ್ಚಾದದ್ದು 1975ರಲ್ಲಿ. 1973ರ ಬೂಸಾ ಗಲಾಟೆಯ ಕಾವು ಆಗಿನ್ನೂ ಆರಿರಲಿಲ್ಲ. ಪುಸ್ತಕ ಮುಟ್ಟದ ಕೇರಿಗಳಿಗೆ ಅವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಸಭೆ, ಜಾಥಾಗಳ ಜೊತೆ ನಡೆದು ಹೋದವು. ಹಾಡುವವರು ಧಾಟಿ ಬದಲಿಸಿದರು, ಸಾಲು ಸೇರಿಸಿದರು. ಕನ್ನಡ ವಿಭಾಗಗಳು ಇವನ್ನು ಕವಿತೆಯೆಂದು ಓದಿದವು, ಧಾಟಿಯನ್ನು ಕೇಳಿಸಿಕೊಳ್ಳಲಿಲ್ಲ. ಜಾನಪದದವರಿಗೆ ಆಗ ಕವಿ ಬದುಕಿದ್ದದ್ದೇ ತೊಡಕು! ಹೀಗೆ ಒಂದು ತಲೆಮಾರು ಹಾಡಿದ್ದು ಎರಡೂ ಕಡೆ ಲೆಕ್ಕಕ್ಕೆ ಬರಲಿಲ್ಲ.

ಹಾಡಿನ ಹಿಂದೆಯೇ ತಮಟೆ ಬಂತು. ಇದು ಇನ್ನೂ ಕಷ್ಟದ ವಿಷಯ. ಊರಹಬ್ಬಕ್ಕೆ, ಸಾವಿಗೆ ಬಿಟ್ಟಿ ಬಡಿಯಬೇಕಾದ ತಮಟೆಯನ್ನು ಎಷ್ಟೋ ಕೇರಿಯ ಹುಡುಗರು ರೋಸಿ ಕೈಬಿಟ್ಟರು. ಹೋರಾಟದ ವೇದಿಕೆ ಅದನ್ನೇ ಎತ್ತಿಕೊಂಡಿತು. ಇದನ್ನು ಬರೀ 'ಸಂಸ್ಕೃತಿಯ ಮರುಶೋಧ' ಎನ್ನುವ ವಿಮರ್ಶಕರು ತಮಟೆ ಹೊತ್ತವರನ್ನು ಕೇಳಿದಂತಿಲ್ಲ. ನಾನು ಕೇಳಿದ ಮುದುಕರೊಬ್ಬರು ಅಂದರು: 'ಗೌಡನ ಮನೇಲಿ ಬಡುದ್ರೆ ಚಾಕರಿ, ನಿಮ್ಮ ಸಭೇಲಿ ಬಡುದ್ರೆ ಕ್ರಾಂತಿ. ಕೂಲಿ ಮಾತ್ರ ಎರಡು ಕಡೇನೂ ಇಲ್ಲ ಕನಪ್ಪ.'

ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹಾಡಿನ ಪಕ್ಕ, ಬಾರಿಸಿದವರು ಯಾರು, ಅವರಿಗೆ ಯಾರು ಏನು ಕೊಟ್ಟರು ಅಂತ ಒಂದು ಕಾಲಂ ಬಂತು.